ಗಮನವನ್ನು ಅಳೆದ ಕೋಣೆಗಳು

ಮಕ್ಕಳು ಒಂದೆಡೆ ಕೂರುವುದಿಲ್ಲ, ಹೇಳಿದ್ದು ಕಿವಿಗೆ ಬೀಳುವುದಿಲ್ಲ ಎಂಬ ದೂರು ಬಂದಾಗಲೆಲ್ಲ ಮೊಬೈಲನ್ನು ಹೊಣೆ ಮಾಡುವುದು ಈಗಿನ ರೂಢಿ. ವೈದ್ಯಕೀಯದ ಚರಿತ್ರೆ ಈ ರೂಢಿಯನ್ನು ಒಪ್ಪುವುದಿಲ್ಲ. ಜರ್ಮನ್ ವೈದ್ಯ ಮೆಲ್ಕಿಯೋರ್ ಆಡಂ ವೈಕಾರ್ಡ್ 1775ರಲ್ಲೇ ಗಮನ ನಿಲ್ಲದವರ ಬಗ್ಗೆ ಬರೆದು, ಹುಳಿ ಹಾಲು, ಕುದುರೆ ಸವಾರಿಯಂಥ ಮದ್ದುಗಳನ್ನು ಸೂಚಿಸಿದ್ದರು. ಸ್ಕಾಟ್ಲೆಂಡಿನ ಅಲೆಕ್ಸಾಂಡರ್ ಕ್ರೈಟನ್ 1798ರ ತಮ್ಮ ಗ್ರಂಥದಲ್ಲಿ ಗಮನ ಮತ್ತು ಅದರ ಕಾಯಿಲೆಗಳಿಗೆಂದೇ ಒಂದು ಅಧ್ಯಾಯ ಮೀಸಲಿಟ್ಟರು. ಆ ಅಧ್ಯಾಯದಲ್ಲಿ ಎರಡು ವಿಚಾರಗಳು ಅಕ್ಕಪಕ್ಕದಲ್ಲಿವೆ. ಕೆಲವರಿಗೆ ಹುಟ್ಟಿನಿಂದಲೇ ಗಮನ ನಿಲ್ಲಿಸುವುದು ಕಷ್ಟ, ಬಾಗಿಲು ಹಾಕಿದ ಸದ್ದೂ ಅವರನ್ನು ಕದಲಿಸುತ್ತದೆ ಎಂಬುದು ಒಂದು. ಲ್ಯಾಟಿನ್, ಗ್ರೀಕ್ ವ್ಯಾಕರಣದ ಒಣಪಾಠ ಎಷ್ಟೋ ಮಕ್ಕಳಿಗೆ ಹೇಸಿಗೆ ಹುಟ್ಟಿಸುತ್ತದೆ, ಬೆತ್ತ ತೋರಿಸಿದರೂ ಪುಸಲಾಯಿಸಿದರೂ ಅವರ ಮನಸ್ಸು ಅತ್ತ ತಿರುಗುವುದಿಲ್ಲ ಎಂಬುದು ಇನ್ನೊಂದು. ಮುಂದಿನ ಸಂಶೋಧನೆಯ ಬಹುಪಾಲು ಮೊದಲನೆಯ ವಿಚಾರವನ್ನು ಹಿಡಿದು ನಡೆಯಿತು, ಎರಡನೆಯದು ಬಹುಕಾಲ ಮೂಲೆಗೆ ಬಿತ್ತು. ಗಮನವನ್ನು ಅಳೆದಾಗಲೆಲ್ಲ ಯಾವುದೋ ಒಂದು ಕೋಣೆಯಲ್ಲಿ, ಯಾವುದೋ ಒಂದು ಕೆಲಸ ಕೊಟ್ಟೇ ಅಳೆದಿದ್ದಾರೆ. ಆ ಕೋಣೆಯನ್ನೂ ಕೆಲಸವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳದೆ ಸಿಕ್ಕ ಕೊರತೆಯನ್ನೆಲ್ಲ ಅಳೆಸಿಕೊಂಡವನ ತಲೆಯೊಳಗೇ ಹುಡುಕಿದ್ದು ಈ ವಿಜ್ಞಾನದ ದೊಡ್ಡ ಎಡವಟ್ಟು ಎಂಬುದು ನನ್ನ ವಾದ.

ಮೊದಲ ಕೋಣೆ ಆಸ್ಪತ್ರೆಯದು. 1902ರಲ್ಲಿ ಲಂಡನ್ನಿನ ರಾಯಲ್ ಕಾಲೇಜ್ ಆಫ್ ಫಿಜಿಷಿಯನ್ಸ್‌ನಲ್ಲಿ ಜಾರ್ಜ್ ಸ್ಟಿಲ್ ಕೊಟ್ಟ ಉಪನ್ಯಾಸಗಳನ್ನು ಗಮನದ ಕೊರತೆ ಮತ್ತು ಅತಿಚಟುವಟಿಕೆಯ ಕಾಯಿಲೆಯ, ಅಂದರೆ ಎಡಿಎಚ್‌ಡಿಯ, ಚರಿತ್ರೆಯ ಆರಂಭವೆಂದು ಹೇಳುವುದುಂಟು. ಅವರು ವಿವರಿಸಿದ ಮಕ್ಕಳಿಗೆ ಬುದ್ಧಿ ಕಡಿಮೆ ಇರಲಿಲ್ಲ, ಆದರೆ ತಮ್ಮನ್ನು ತಾವು ತಡೆದುಕೊಳ್ಳುವುದು ಆಗುತ್ತಿರಲಿಲ್ಲ. ಸ್ಟಿಲ್ ಅದನ್ನು ನೈತಿಕ ಹತೋಟಿಯ ದೋಷ ಎಂದರು. ವಿಕ್ಟೋರಿಯಾ ಯುಗ ಆಗಷ್ಟೇ ಮುಗಿದಿದ್ದ ಊರಿನಲ್ಲಿ ಇನ್ನೇನು ಕಂಡೀತು! ಮೊದಲ ಮಹಾಯುದ್ಧದ ಹೊತ್ತಿಗೆ ಹಬ್ಬಿದ ನಿದ್ರಾರೋಗದ ಮಿದುಳುಜ್ವರದಿಂದ ಬದುಕುಳಿದ ಮಕ್ಕಳಲ್ಲೂ ಇಂಥದೇ ಚಡಪಡಿಕೆ ಕಾಣಿಸಿದಾಗ ನೀತಿಯ ಮಾತು ಹಿಂದೆ ಸರಿದು ಮಿದುಳಿನ ಗಾಯದ ಮಾತು ಮುಂದೆ ಬಂತು. ಅಮೆರಿಕದ ರೋಡ್ ಐಲೆಂಡಿನಲ್ಲಿ, ಇಂಥ ಜ್ವರದಿಂದ ಬಳಲಿದ ಎಮ್ಮಾ ಎಂಬ ಹುಡುಗಿಯ ಹೆಸರಿನಲ್ಲಿ ಕಟ್ಟಿದ ಬ್ರಾಡ್ಲಿ ಮಕ್ಕಳ ಆಸ್ಪತ್ರೆ 1931ರಲ್ಲಿ ತೆರೆಯಿತು. ಮಿದುಳಿನ ಎಕ್ಸ್‌ರೇಗಾಗಿ ಬೆನ್ನುಹುರಿಯ ದ್ರವ ತೆಗೆದಾಗ ಮಕ್ಕಳಿಗೆ ತಡೆಯಲಾರದ ತಲೆನೋವು ಬರುತ್ತಿತ್ತು. ಅದಕ್ಕೆಂದು ವೈದ್ಯ ಚಾರ್ಲ್ಸ್ ಬ್ರಾಡ್ಲಿ ಬೆಂಜೆಡ್ರಿನ್ ಎಂಬ ಉದ್ರೇಕಿಸುವ ಮದ್ದು ಕೊಟ್ಟರು. ತಲೆನೋವು ಹಾಗೇ ಉಳಿಯಿತು, ಓದು ಮಾತ್ರ ಸುಧಾರಿಸಿತು. 1937ರಲ್ಲಿ ಅವರು ಪ್ರಕಟಿಸಿದ ವರದಿಯಲ್ಲಿ 30 ಮಕ್ಕಳ ಪೈಕಿ 14 ಮಂದಿ ಶಾಲೆಯ ಕೆಲಸದಲ್ಲಿ ಎದ್ದು ಕಾಣುವಂತೆ ಮುಂದೆ ಬಂದಿದ್ದರು. ಮಕ್ಕಳೇ ಆ ಮದ್ದಿಗೆ ಲೆಕ್ಕದ ಮಾತ್ರೆ ಎಂದು ಹೆಸರಿಟ್ಟರು. ಔಷಧ ಕೆಲಸ ಮಾಡಿತೇ ಎಂಬುದನ್ನು ಬ್ರಾಡ್ಲಿಗೆ ತಿಳಿಸಿದ್ದು ಮಿದುಳಿನ ಚಿತ್ರವಲ್ಲ, ಆಸ್ಪತ್ರೆಯೊಳಗಿನ ಶಾಲಾ ಕೊಠಡಿ.

ಎರಡನೆಯ ಕೋಣೆಯಲ್ಲಿ ಮಕ್ಕಳೇ ಇರಲಿಲ್ಲ. ಎರಡನೇ ಮಹಾಯುದ್ಧದಲ್ಲಿ ಬ್ರಿಟನ್ನಿನ ವಾಯುಪಡೆಯ ವಿಮಾನಗಳು ಸಮುದ್ರದ ಮೇಲೆ ಹಾರುತ್ತ ರೇಡಾರ್‌ನಲ್ಲಿ ಶತ್ರುಗಳ ಜಲಾಂತರ್ಗಾಮಿಗಳನ್ನು ಹುಡುಕುತ್ತಿದ್ದವು. ಗಂಟೆಗಟ್ಟಲೆ ಪರದೆ ನೋಡುವ ಆಪರೇಟರುಗಳು ಸ್ವಲ್ಪ ಹೊತ್ತಿನ ಮೇಲೆ ಕಣ್ಣೆದುರಿನ ಚುಕ್ಕೆಯನ್ನೇ ಗಮನಿಸದೆ ಬಿಡುತ್ತಿದ್ದರು. ಕೇಂಬ್ರಿಜ್‌ನ ನಾರ್ಮನ್ ಮ್ಯಾಕ್‌ವರ್ತ್ ಇದನ್ನು ಅಳೆಯಲು ಅಂಕಿಗಳಿಲ್ಲದ ಒಂದು ಗಡಿಯಾರ ಮಾಡಿಸಿದರು. ಮುಳ್ಳು ಸೆಕೆಂಡಿಗೊಂದು ಹೆಜ್ಜೆ ಇಡುತ್ತದೆ, ಎಲ್ಲೋ ಒಮ್ಮೆ ಎರಡು ಹೆಜ್ಜೆ ಜಿಗಿಯುತ್ತದೆ. ಜಿಗಿದಾಗ ಗುಂಡಿ ಒತ್ತಬೇಕು, ಹೀಗೆ ಎರಡು ಗಂಟೆ. 1948ರಲ್ಲಿ ಪ್ರಕಟವಾದ ಫಲಿತಾಂಶದಂತೆ ಮೊದಲ ಅರ್ಧ ಗಂಟೆ ಕಳೆಯುವಷ್ಟರಲ್ಲಿ ಆರೋಗ್ಯವಂತ ಯುವಕರ ಎಚ್ಚರವೂ ಕುಸಿಯಿತು. ಆದರೆ ಅರ್ಧ ಗಂಟೆ ಕೆಲಸ, ಅರ್ಧ ಗಂಟೆ ವಿಶ್ರಾಂತಿ ಎಂದು ಬದಲಿಸಿದರೆ ಕುಸಿತ ಕಾಣಲಿಲ್ಲ. ನಡುವೆ ಟೆಲಿಫೋನ್ ಮಾಡಿ ಇನ್ನಷ್ಟು ಚೆನ್ನಾಗಿ ನೋಡಿ ಎಂದರೆ ಎಚ್ಚರ ಮರಳಿತು. ಗುಂಡಿ ಒತ್ತಿದ್ದು ಸರಿಯೋ ತಪ್ಪೋ ಎಂದು ಆಗಾಗ ತಿಳಿಸಿದರೂ ಉಳಿಯಿತು. ಬೆಂಜೆಡ್ರಿನ್ ಕೊಟ್ಟರೂ ಉಳಿಯಿತು. ಬ್ರಾಡ್ಲಿಯ ಮಕ್ಕಳಿಗೆ ಕೊಟ್ಟ ಅದೇ ಔಷಧ! ಈ ಪ್ರಯೋಗದಿಂದ ಆಪರೇಟರುಗಳಿಗೆ ಕಾಯಿಲೆ ಇದೆ ಎಂದು ಯಾರೂ ತೀರ್ಮಾನಿಸಲಿಲ್ಲ. ಅಪರೂಪಕ್ಕೊಮ್ಮೆ ಬರುವ ಸುಳಿವಿಗಾಗಿ ಸುಮ್ಮನೆ ಕಾಯುವ ಕೆಲಸ ಮನುಷ್ಯನಿಗೆ ಹೊಂದುವುದಿಲ್ಲ, ಪಾಳಿ ಬದಲಿಸಿ ಎಂಬುದೇ ಅದರಿಂದ ಹೊರಟ ಸಲಹೆ. ದೊಡ್ಡವರು, ಅದೂ ಯುದ್ಧಕ್ಕೆ ಬೇಕಾದವರು, ಗಮನ ಕಳೆದುಕೊಂಡಾಗ ತಪ್ಪನ್ನು ಕೆಲಸದಲ್ಲಿ ಹುಡುಕಿದರು ಎಂಬುದನ್ನು ಓದುಗರು ನೆನಪಿಡಬೇಕು.

ಇದೇ ಮಾದರಿಯ ಪರೀಕ್ಷೆ ಮಕ್ಕಳ ಮುಂದೆ ಬಂದಾಗ ತೀರ್ಪು ತಿರುಗಿತು. 1956ರಲ್ಲಿ ರೋಸ್ವೋಲ್ಡ್, ಮಿರ್ಸ್ಕಿ ಮತ್ತು ಸಂಗಡಿಗರು ಒಂದು ಪರೀಕ್ಷೆ ರೂಪಿಸಿದರು. ಅಕ್ಷರಗಳು ಒಂದರ ಹಿಂದೊಂದು ಮಿಂಚಿ ಹೋಗುತ್ತವೆ, ಗೊತ್ತುಪಡಿಸಿದ ಅಕ್ಷರ ಕಂಡಾಗ ಮಾತ್ರ ಗುಂಡಿ ಒತ್ತಬೇಕು. ಮಿದುಳಿಗೆ ಪೆಟ್ಟಾದವರನ್ನು ಗುರುತಿಸುವುದು ಅದರ ಮೂಲ ಉದ್ದೇಶ. ಕೆನಡಾದ ಮೆಕ್‌ಗಿಲ್ ವಿಶ್ವವಿದ್ಯಾಲಯದಲ್ಲಿ ವರ್ಜೀನಿಯಾ ಡಗ್ಲಸ್ ಮತ್ತು ಅವರ ಶಿಷ್ಯರು ಅದನ್ನು ಅತಿಚಟುವಟಿಕೆಯ ಮಕ್ಕಳಿಗೆ ಕೊಟ್ಟರು. ಈ ಮಕ್ಕಳ ಮುಖ್ಯ ತೊಂದರೆ ಓಡಾಟವಲ್ಲ, ಗಮನವನ್ನು ಉಳಿಸಿಕೊಳ್ಳುವುದು ಮತ್ತು ತಟ್ಟನೆ ಹೊರಡುವ ಕೈಯನ್ನು ತಡೆಯುವುದು ಎಂದು ಡಗ್ಲಸ್ 1972ರಲ್ಲಿ ಬರೆದದ್ದು ಕ್ಷೇತ್ರದ ದಿಕ್ಕನ್ನೇ ಬದಲಿಸಿತು. 1980ರ ಅಮೆರಿಕನ್ ಮನೋವೈದ್ಯಕೀಯ ಕೈಪಿಡಿಯಲ್ಲಿ ಗಮನದ ಕೊರತೆ ಕಾಯಿಲೆಯ ಹೆಸರಿಗೇ ಏರಿತು. 1987ರಲ್ಲಿ ಎಡಿಎಚ್‌ಡಿ ಎಂಬ ಈಗಿನ ಹೆಸರು ಬಂತು. ಆದರೆ ಡಗ್ಲಸ್ ತಂಡದ ದತ್ತಾಂಶ ಇದಕ್ಕಿಂತ ನವುರಾಗಿತ್ತು. ಒಂದೊಂದಾಗಿ ಕೊಟ್ಟ ಚಿಕ್ಕ ಕೆಲಸಗಳಲ್ಲಿ ಈ ಮಕ್ಕಳು ಅಷ್ಟೇನೂ ಹಿಂದಿರಲಿಲ್ಲ. ಉದ್ದವಾದ, ಏಕತಾನದ, ಯಂತ್ರದ ಓಟಕ್ಕೆ ತಕ್ಕಂತೆ ಸಾಗಬೇಕಾದ ಕೆಲಸದಲ್ಲಿ ಸೋತರು. ಕೈಪಿಡಿಗೆ ಹೋದದ್ದು ಸೋಲು ಮಾತ್ರ.

ಔಷಧವೇ ಕಾಯಿಲೆಗೆ ಸಾಕ್ಷಿ ಎಂಬ ನಂಬಿಕೆಯೂ ಬಹಳ ವರ್ಷ ಉಳಿಯಿತು. ಉದ್ರೇಕಿಸುವ ಮದ್ದು ಈ ಮಕ್ಕಳನ್ನು ಶಾಂತಗೊಳಿಸುತ್ತದೆ ಎಂದರೆ ಅವರ ಮಿದುಳು ತಲೆಕೆಳಗಾಗಿ ಕೆಲಸ ಮಾಡುತ್ತಿರಬೇಕು ಎಂಬ ತರ್ಕ ಅದು. 1978ರಲ್ಲಿ ಜೂಡಿತ್ ರಾಪೊಪೋರ್ಟ್ ತಂಡ ಯಾವ ತೊಂದರೆಯೂ ಇಲ್ಲದ ಹುಡುಗರಿಗೆ ಅದೇ ಜಾತಿಯ ಔಷಧ ಕೊಟ್ಟು ನೋಡಿತು. ಅವರ ಓಡಾಟವೂ ತಗ್ಗಿತು, ಗಮನವೂ ಹೆಚ್ಚಿತು. ನಂಬಿಕೆ ಅಲ್ಲಿಗೆ ಬೀಳಬೇಕಿತ್ತು, ಕ್ಲಿನಿಕ್ಕುಗಳಲ್ಲಿ ಇನ್ನೂ ಕೆಲಕಾಲ ಉಸಿರಾಡಿತು. ಮುಂದೆ ಎಡ್ಮಂಡ್ ಸೊನುಗಾ-ಬಾರ್ಕ್ ಮತ್ತು ಸಂಗಡಿಗರು 1992ರಲ್ಲಿ ಇನ್ನೂ ಜಾಣ ಪ್ರಯೋಗ ಮಾಡಿದರು. ಬೇಗ ಸಿಗುವ ಚಿಕ್ಕ ಬಹುಮಾನ ಬೇಕೋ, ಕಾದರೆ ಸಿಗುವ ದೊಡ್ಡದು ಬೇಕೋ? ಚಿಕ್ಕದನ್ನು ಆರಿಸಿದರೆ ಇಡೀ ಆಟ ಬೇಗ ಮುಗಿಯುತ್ತದೆ ಎಂದಾಗ ಅತಿಚಟುವಟಿಕೆಯ ಮಕ್ಕಳು ಚಿಕ್ಕದನ್ನೇ ಆರಿಸಿದರು. ಯಾವುದನ್ನು ಆರಿಸಿದರೂ ಆಟದ ಅವಧಿ ಒಂದೇ ಎಂದು ಬದಲಿಸಿದಾಗ ಉಳಿದ ಮಕ್ಕಳಂತೆಯೇ ಕಾದರು. ಕಾಯುವ ಶಕ್ತಿಯೇ ಇಲ್ಲ ಎಂಬುದು ಇದರಿಂದ ಸುಳ್ಳಾಯಿತು. ಖಾಲಿ ಹೊತ್ತು ಅವರಿಗೆ ಇತರರಿಗಿಂತ ಹೆಚ್ಚು ಅಸಹನೀಯ ಎಂಬುದು ತಿಳಿಯಿತು. ಗುಂಡಿ ಒತ್ತುವ ವೇಗದ ಸೂಕ್ಷ್ಮ ಲೆಕ್ಕಗಳೂ ಇದಕ್ಕೆ ಪೂರಕ. ಈ ಮಕ್ಕಳು ಪ್ರತಿ ಸಲವೂ ನಿಧಾನಿಗಳಲ್ಲ. ಹೆಚ್ಚಿನ ಸಲ ಬೇರೆಯವರಷ್ಟೇ ಚುರುಕು, ಆಗಾಗ ಒಂದು ಪ್ರತಿಕ್ರಿಯೆ ಮಾತ್ರ ತೀರ ತಡ. ಗಮನದ ತೋಡಿನಲ್ಲಿ ನೀರು ಬತ್ತಿಲ್ಲ, ತೂಬಿನ ಹಲಗೆ ಎತ್ತುವುದು ಇಳಿಸುವುದು ಕೈಗೆ ಸಿಗುತ್ತಿಲ್ಲ. 2005ರಲ್ಲಿ 83 ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದ ಎರಿಕ್ ವಿಲ್ಕಟ್ ಮತ್ತು ಸಂಗಡಿಗರ ವಿಮರ್ಶೆಯೂ, ಯೋಜಿಸುವ, ತಡೆಯುವ, ನೆನಪಿನಲ್ಲಿ ಹಿಡಿಯುವ ಪರೀಕ್ಷೆಗಳಲ್ಲಿ ಗುಂಪಿನ ಸರಾಸರಿ ಕೆಳಗಿದೆ, ಆದರೆ ಇಂಥದೊಂದು ದೋಷ ಎಡಿಎಚ್‌ಡಿ ಇರುವ ಎಲ್ಲರಲ್ಲೂ ಇರಲೇಬೇಕೆಂದಿಲ್ಲ ಎಂದಿತು.

ತರಗತಿ ಎಂಬ ಕೋಣೆಯೂ ಒಂದು ಅಳತೆಗೋಲೇ, ಅದೂ ಅಷ್ಟೇನೂ ನಿಖರವಲ್ಲದ್ದು. ಕೆನಡಾದ ಬ್ರಿಟಿಷ್ ಕೊಲಂಬಿಯಾದಲ್ಲಿ ಶಾಲೆಗೆ ಸೇರಿಸುವ ವಯಸ್ಸಿನ ಗಡಿ ಡಿಸೆಂಬರ್ 31. 9 ಲಕ್ಷಕ್ಕೂ ಹೆಚ್ಚು ಮಕ್ಕಳ ದಾಖಲೆ ನೋಡಿದ 2012ರ ಅಧ್ಯಯನದಲ್ಲಿ, ತರಗತಿಯಲ್ಲೇ ಚಿಕ್ಕವರಾದ ಡಿಸೆಂಬರ್ ಹುಡುಗರಿಗೆ ಜನವರಿಯಲ್ಲಿ ಹುಟ್ಟಿದವರಿಗಿಂತ ಶೇ 30ರಷ್ಟು, ಹುಡುಗಿಯರಿಗೆ ಶೇ 70ರಷ್ಟು ಹೆಚ್ಚಾಗಿ ಎಡಿಎಚ್‌ಡಿ ಎಂಬ ನಿರ್ಣಯ ಸಿಕ್ಕಿತ್ತು. ಗಲಾಟೆ ಮಾಡದೆ ಕಿಟಕಿಯಾಚೆ ನೋಡುತ್ತ ಕೂರುವ ಹುಡುಗಿಯರನ್ನು ಅದೇ ತರಗತಿ ದಶಕಗಟ್ಟಲೆ ಗುರುತಿಸಲೇ ಇಲ್ಲ. ಬೆಂಗಳೂರಿನ ನಿಮ್ಹಾನ್ಸ್ 2004ರಲ್ಲಿ ಹೊರತಂದ ನರಮನೋವೈಜ್ಞಾನಿಕ ಪರೀಕ್ಷೆಗಳ ಗುಚ್ಛ ಯಾರನ್ನು ಯಾರಿಗೆ ಹೋಲಿಸಿ ಅಳೆಯಬೇಕು ಎಂಬ ವಿಷಯದಲ್ಲಿ ಎಚ್ಚರ ತೋರಿದೆ. ಅದರಲ್ಲಿ ಅನಕ್ಷರಸ್ಥರಿಗೆ, ಶಾಲೆ ಓದಿದವರಿಗೆ, ಕಾಲೇಜು ಓದಿದವರಿಗೆ ಬೇರೆ ಬೇರೆ ಮಾನದಂಡಗಳಿವೆ. ಶಾಲೆಯ ಮೆಟ್ಟಿಲು ಹತ್ತದವರನ್ನು ಪದವೀಧರರ ಅಂಕಕ್ಕೆ ಹೋಲಿಸಿ ಗಮನ ಸಾಲದು ಎಂದರೆ ಅದು ಅಳೆದವರ ತಪ್ಪಾಗುತ್ತದೆ.

ಹಾಗಾದರೆ ಎಡಿಎಚ್‌ಡಿ ಎಂಬುದೇ ಶಾಲೆಗಳೂ ಔಷಧ ಕಂಪನಿಗಳೂ ಸೇರಿ ಕಟ್ಟಿದ ಕತೆಯೇ ಎಂದು ಕೇಳುವವರಿದ್ದಾರೆ. ನನ್ನ ವಾದವನ್ನು ಅಲ್ಲಿಯವರೆಗೆ ಎಳೆಯಲಾಗದು. ಅವಳಿ ಮಕ್ಕಳ ಅಧ್ಯಯನಗಳ ಪ್ರಕಾರ, ಈ ಲಕ್ಷಣಗಳಲ್ಲಿ ಜನರ ನಡುವೆ ಕಾಣುವ ವ್ಯತ್ಯಾಸದಲ್ಲಿ ಸುಮಾರು ಶೇ 74 ಅನುವಂಶೀಯತೆಗೆ ಸೇರುತ್ತದೆ. ಡೆನ್ಮಾರ್ಕಿನಲ್ಲಿ 19 ಲಕ್ಷ ಜನರ ದಾಖಲೆಗಳನ್ನು ಪರಿಶೀಲಿಸಿ 2015ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಎಡಿಎಚ್‌ಡಿ ಇರುವವರ ಮರಣ ಪ್ರಮಾಣ ಉಳಿದವರಿಗಿಂತ ಸುಮಾರು ಎರಡು ಪಟ್ಟು ಇತ್ತು, ಮುಖ್ಯ ಕಾರಣ ಅಪಘಾತ. ಬೇಸರದ ಪಾಠ ಯಾರನ್ನೂ ಹೆದ್ದಾರಿಯಲ್ಲಿ ಕೊಲ್ಲುವುದಿಲ್ಲ. ಕೋಣೆ ಬದಲಾದರೆ ತೊಂದರೆಯ ಆಕಾರ ಬದಲಾಗುತ್ತದೆ ಎಂದರೆ ತೊಂದರೆ ಇಲ್ಲವೆಂದಲ್ಲ. ಔಷಧ ಬೇಡವೆಂದೂ ಅಲ್ಲ, ಅದು ಎಲ್ಲರ ಗಮನವನ್ನೂ ಹೆಚ್ಚಿಸಿದರೂ ಅಗತ್ಯ ಎಲ್ಲರಿಗೂ ಒಂದೇ ಅಲ್ಲ. ಇನ್ನೊಂದು ತುದಿಯಲ್ಲಿ, ಇದು ತೊಂದರೆಯೇ ಅಲ್ಲ, ಪ್ರತಿಭೆ ಎನ್ನುವವರೂ ಇದ್ದಾರೆ. ಹೊಸ ಹೊಸ ದಾರಿ ಹುಡುಕುವ ಪರೀಕ್ಷೆಗಳಲ್ಲಿ ಎಡಿಎಚ್‌ಡಿ ಇರುವ ಕಾಲೇಜು ವಿದ್ಯಾರ್ಥಿಗಳು ಮುಂದಿದ್ದರು ಎಂದು ವೈಟ್ ಮತ್ತು ಶಾ 2006ರಲ್ಲಿ ತೋರಿಸಿದ್ದು ನಿಜ. ಆದರೆ 2020ರ ವಿಮರ್ಶೆಯೊಂದು, ಸಾಮಾನ್ಯರಲ್ಲಿ ಈ ಲಕ್ಷಣಗಳು ಹೆಚ್ಚಿದ್ದವರಲ್ಲಿ ಅಂಥ ಯೋಚನೆ ಹೆಚ್ಚು, ವೈದ್ಯಕೀಯ ನಿರ್ಣಯ ಪಡೆದವರಲ್ಲಿ ಹಾಗೆ ಸಾಬೀತಾಗಿಲ್ಲ ಎಂದಿತು. ಪಾಲಕರಿಗೆ ಸಮಾಧಾನ ಹೇಳಲು ಪ್ರತಿಭೆಯ ಮಾತು ಆಗಬಹುದು, ಪುರಾವೆಯಾಗಿ ಅದು ಗಟ್ಟಿಯಲ್ಲ.

ಈ ಚರಿತ್ರೆಯಿಂದ ನಮ್ಮ ಶಾಲೆಗಳಿಗೆ ಬರುವ ಕೆಲಸ ದುಬಾರಿಯದಲ್ಲ. ಉದ್ದದ ಪ್ರಶ್ನೆಪತ್ರಿಕೆಯನ್ನು ನಡುವೆ ಬಿಡುವು ಕೊಟ್ಟು ಎರಡಾಗಿ ಮುರಿಯುವುದು, ಮಾಡಿದ ಲೆಕ್ಕ ಸರಿಯೇ ಎಂದು ಆಗಿಂದಾಗಲೇ ತಿಳಿಸುವುದು, ಖಾಲಿ ಕೂರಿಸುವ ಹೊತ್ತನ್ನು ಕಡಿಮೆ ಮಾಡುವುದು ಇವಕ್ಕೆಲ್ಲ ಪ್ರಯೋಗಾಲಯದ ಬೆಂಬಲ ಇದೆ, ಇವು ಚಿಕಿತ್ಸೆಗೆ ಅಡ್ಡಿಯೂ ಅಲ್ಲ. ಆದರೆ ಪರೀಕ್ಷಾ ಮಂಡಳಿಗಳು ಇಂಥ ರಿಯಾಯಿತಿ ಕೊಡುವಾಗ ಕಾನೂನಿನತ್ತ ನೋಡುತ್ತವೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಹೆಸರಿಸುವ 21 ಬಗೆಗಳಲ್ಲಿ ಕಲಿಕಾ ನ್ಯೂನತೆ ಇದೆ, ಆಟಿಸಂ ಇದೆ, ಎಡಿಎಚ್‌ಡಿ ಇಲ್ಲ.