ಒನೇಸಿಮ ಎಲ್ಲಿ ನಿಂತಿದ್ದ?

ಬೈಬಲ್ಲಿನ ಹೊಸ ಒಡಂಬಡಿಕೆಯಲ್ಲಿ ಒಂದು ಪುಟ್ಟ ಕಾಗದ ಇದೆ. ಪೌಲ ಫಿಲೆಮೋನನಿಗೆ ಬರೆದದ್ದು. ಬರೀ 25 ವಚನ. ಒಂದು ಬೀಡಿ ಸೇದಿ ಮುಗಿಸೋದರೊಳಗೆ ಓದಿಬಿಡಬಹುದು. ಈ ಕಾಗದ ತೋರಿಸಿ ಗುಲಾಮರನ್ನು ಬಗ್ಗಿಸಿದವರೂ ಇದ್ದಾರೆ, ಇದನ್ನೇ ತೋರಿಸಿ ಸಂಕೋಲೆ ಕಳಚಿ ಎಂದವರೂ ಇದ್ದಾರೆ. ಧರ್ಮಗ್ರಂಥವನ್ನು ನಾವು ಓದೋದು ಹೇಗೆ ಅಂತ ಕೇಳುವ ಗೆಳೆಯರು ಇಲ್ಲಿಂದ ಶುರು ಮಾಡಬಹುದು.

ಕಥೆ ಇಷ್ಟು. ಕ್ರಿ.ಶ. 55ರಿಂದ 62ರ ನಡುವಿನ ಕಾಲ. ರೋಮ್ ಸಾಮ್ರಾಜ್ಯದ ಸೆರೆಮನೆಯೊಂದರಲ್ಲಿ ಪೌಲ ಕೂತಿದ್ದಾನೆ. ಫಿಲೆಮೋನ ಗುಲಾಮರನ್ನು ಇಟ್ಟುಕೊಂಡ ಧಣಿ. ಅವನ ಮನೆಯಲ್ಲೇ ಕ್ರೈಸ್ತರ ಸಭೆ ಸೇರುತ್ತದೆ. ಅವನ ಗುಲಾಮ ಒನೇಸಿಮ ಹೇಗೋ ಪೌಲನ ಹತ್ತಿರ ಬಂದಿದ್ದಾನೆ, ಕ್ರೈಸ್ತನೂ ಆಗಿದ್ದಾನೆ. ಪೌಲ ಅವನನ್ನು ಧಣಿಯ ಹತ್ತಿರ ವಾಪಸು ಕಳಿಸುತ್ತಾ ಈ ಕಾಗದ ಬರೆಯುತ್ತಾನೆ.

ಹೆಸರನ್ನೇ ನೋಡಿ. ಗ್ರೀಕಿನಲ್ಲಿ ಒನೇಸಿಮ ಅಂದರೆ 'ಉಪಯೋಗಕ್ಕೆ ಬರುವವನು'. ಗುದ್ದಲಿಗೆ, ಎತ್ತಿಗೆ ಹೇಳುವ ಮಾತನ್ನೇ ಮನುಷ್ಯನಿಗೆ ಹೆಸರು ಮಾಡಿದ್ದಾರೆ. ಕೂಗುವ ಹೆಸರಲ್ಲೇ ನಿನ್ನ ಜಾಗ ಇದು ಅಂತ ತೋರಿಸೋದು ಏನೆಂದು ನಮಗೆ ಯಾರೂ ಬಿಡಿಸಿ ಹೇಳಬೇಕಿಲ್ಲ.

ಪೌಲ ಬಲು ಜಾಣ. ಇವನಿಂದ ನಿನಗೆ ನಷ್ಟವಾಗಿದ್ದರೆ, ಇವನು ನಿನಗೇನಾದರೂ ಕೊಡಬೇಕಿದ್ದರೆ ಅದನ್ನು ನನ್ನ ಲೆಕ್ಕಕ್ಕೆ ಬರೆದುಕೋ ಅಂತಾನೆ. ಅದರ ಬೆನ್ನಿಗೇ, ನೀನೇ ನನಗೆ ಬಾಕಿ ಇದ್ದೀಯ ಅಂತ ಧಣಿಗೇ ಸಾಲದ ನೆನಪು ಮಾಡ್ತಾನೆ. ಇನ್ನು ಮೇಲೆ ಇವನನ್ನು ಗುಲಾಮನಾಗಿ ಅಲ್ಲ, ಅದಕ್ಕೂ ಮಿಗಿಲಾಗಿ ಸೋದರನಾಗಿ ಸೇರಿಸಿಕೋ ಎನ್ನುತ್ತಾನೆ. ಆ ಕಾಲಕ್ಕೆ ಇದು ದೊಡ್ಡ ಮಾತು, ಒಪ್ಪೋಣ. ಆದರೆ ಬಿಡುಗಡೆ ಮಾಡು ಅಂತ ಬಾಯಿಬಿಟ್ಟು ಹೇಳೋದಿಲ್ಲ. ಧಣಿಯ ಒಪ್ಪಿಗೆಯಿಲ್ಲದೆ ಇವನನ್ನು ನನ್ನ ಹತ್ತಿರ ಇಟ್ಟುಕೊಳ್ಳಲು ಮನಸ್ಸಿಲ್ಲ ಅಂತಾನೆ. ಒನೇಸಿಮನ ಒಪ್ಪಿಗೆ ಕೇಳಿದ ಗುರುತು ಇಡೀ ಕಾಗದದಲ್ಲಿಲ್ಲ. ಪೌಲನ ಮೇಲೆ ನನಗೆ ಸಿಟ್ಟು ಬರೋದು ಇಲ್ಲಿ.

ಒನೇಸಿಮ ಕದ್ದು ಓಡಿಹೋಗಿದ್ದ ಅಂತ ಎಲ್ಲರೂ ಹೇಳ್ತಾರೆ. ಕಾಗದ ತೆಗೆದು ನೋಡಿ, ಕದ್ದ ಅನ್ನೋ ಮಾತೂ ಇಲ್ಲ, ಓಡಿದ ಅನ್ನೋ ಮಾತೂ ಇಲ್ಲ. 'ನಷ್ಟವಾಗಿದ್ದರೆ' ಅಂತಷ್ಟೇ ಇದೆ. ನಾಲ್ಕನೇ ಶತಮಾನದ ಕೊನೆಗೆ ಜಾನ್ ಕ್ರಿಸೊಸ್ಟಮ್ ಎಂಬ ದೊಡ್ಡ ಉಪದೇಶಕ ಅವನನ್ನು ಕಳ್ಳ, ಓಡಿಹೋದವನು ಎಂದೇ ವಿವರಿಸಿದ. ಆ 'ದರೆ' ಎಂಬ ಎರಡಕ್ಷರ ಉದುರಿಹೋಯಿತು. ಇಲ್ಲದವನ ತಲೆಗೆ ಕಳ್ಳತನ ಕಟ್ಟೋಕೆ ಎಷ್ಟು ಹೊತ್ತು ಬೇಕು?

ಈ ಓದೇ ಕಡಲು ದಾಟಿ ಅಮೆರಿಕಾಕ್ಕೆ ಹೋಯಿತು. 1850ರಲ್ಲಿ ಅಲ್ಲಿ, ಓಡಿಹೋದ ಗುಲಾಮರನ್ನು ಹಿಡಿದು ಧಣಿಗೆ ಒಪ್ಪಿಸಬೇಕು ಎಂಬ ಕಾನೂನು ಬಂತು. ಪೌಲನೇ ವಾಪಸು ಕಳಿಸಲಿಲ್ಲವೇ ಅಂತ ಬೈಬಲ್ ಪಂಡಿತ ಮೋಸೆಸ್ ಸ್ಟುವರ್ಟ್ ಅದೇ ವರ್ಷ ಬರೆದ. ಗುಲಾಮಗಿರಿಯನ್ನು ವಿರೋಧಿಸುವವರು 'ಸೋದರ' ಎಂಬ ಮಾತನ್ನು ಎತ್ತಿ ಹಿಡಿದರು. ಪಂಡಿತರ ಜಗಳ ಅದು, ಇರಲಿ.

ಅದಕ್ಕೂ ಮೊದಲೇ ಗುಲಾಮರು ತಮ್ಮ ವ್ಯಾಖ್ಯಾನ ಬರೆದಿದ್ದರು, ಕಾಲಲ್ಲಿ. 1833ರಲ್ಲಿ ಜಾರ್ಜಿಯಾದ ಲಿಬರ್ಟಿ ಕೌಂಟಿ ಎಂಬಲ್ಲಿ ಚಾರ್ಲ್ಸ್ ಕೋಲ್ಕಾಕ್ ಜೋನ್ಸ್ ಎಂಬ ಪಾದ್ರಿ ಗುಲಾಮರ ಮುಂದೆ ಇದೇ ಕಾಗದ ಹಿಡಿದು ಉಪದೇಶ ಮಾಡಿದ. ಅವನಿಗೂ ತೋಟಗಳಿದ್ದವು, ಗುಲಾಮರಿದ್ದರು. ಓಡಿಹೋಗೋದು ಪಾಪ, ಪೌಲನೇ ಹೇಳಿದ್ದಾನೆ ಎಂದ. ಅರ್ಧ ಜನ ಎದ್ದು ಹೊರಟುಬಿಟ್ಟರು. ಉಪದೇಶ ಮುಗಿದ ಮೇಲೆ ಉಳಿದವರಲ್ಲಿ ಒಬ್ಬೊಬ್ಬರು ಒಂದೊಂದು ಹೇಳಿದರು: ಇಂಥ ಕಾಗದ ಬೈಬಲ್ಲಿನಲ್ಲಿಲ್ಲ, ಇದು ಸುವಾರ್ತೆಯಲ್ಲ, ಇವನು ಧಣಿಗಳನ್ನು ಮೆಚ್ಚಿಸೋಕೆ ಮಾತಾಡ್ತಾನೆ, ಇವನ ಉಪದೇಶ ಇನ್ನೆಂದೂ ಕೇಳದಿದ್ದರೂ ನಮಗೇನಿಲ್ಲ. ಇದನ್ನೆಲ್ಲ ದಾಖಲಿಸಿದವನು ಜೋನ್ಸನೇ.

ಕಾಗದ ಬೈಬಲ್ಲಿನಲ್ಲಿ ಇದ್ದದ್ದು ನಿಜ. ಆದರೆ ಗುಲಾಮರಿಗೆ ಓದು ಕಲಿಸೋದೇ ಅಪರಾಧ ಎಂದು 1829ರಲ್ಲೇ ಜಾರ್ಜಿಯಾ ಕಾನೂನು ಮಾಡಿತ್ತು. ತೆಗೆದು ನೋಡಲು ಬಿಡದ ಪುಸ್ತಕದ ಬಗ್ಗೆ ಅವರು ಆಡಿದ ಮಾತು ಅಕ್ಷರಕ್ಕೆ ತಪ್ಪು. ಎದ್ದು ಹೋದದ್ದು ತಪ್ಪೇ?

ಹುಡುಗರಿಗೆ ಇದನ್ನು ಓದಿಸುವ ಮೇಷ್ಟ್ರುಗಳಿಗೆ ಒಂದು ಮಾತು. ಕಾಗದ ಫಿಲೆಮೋನ ಒಬ್ಬನಿಗೇ ಬರೆದದ್ದಲ್ಲ. ಅಪ್ಫಿಯ, ಅರ್ಖಿಪ್ಪ, ಮನೆಯಲ್ಲಿ ಕೂಡುವ ಸಭೆ, ಎಲ್ಲರ ಹೆಸರೂ ಮೊದಲಲ್ಲೇ ಇದೆ. ಅಂದರೆ ಸಭೆಯ ಮುಂದೆ ಗಟ್ಟಿಯಾಗಿ ಓದೋಕೆ ಬರೆದದ್ದು. ತರಗತಿಯಲ್ಲೂ ಗಟ್ಟಿಯಾಗಿಯೇ ಓದಿಸಿ. ಇಷ್ಟು ದೂರ ಇದನ್ನು ಹೊತ್ತು ತಂದವನು ಒನೇಸಿಮನೇ ಎಂಬ ಮಾತು ಹಿಂದಿನಿಂದಲೂ ಇದೆ. ಓದುವಾಗ ಅವನು ಸಭೆಯ ನಡುವೆ ಕೂತಿದ್ದನೋ, ಬಾಗಿಲ ಆಚೆ ನಿಂತಿದ್ದನೋ, ಹುಡುಗರನ್ನೇ ಕೇಳಿ. ಫಿಲೆಮೋನನ ಉತ್ತರ ಉಳಿದುಬಂದಿಲ್ಲ.