ನೆರಿಗೆಯಿಂದ ಜಾಲಕ್ಕೆ: ಕಾಗದದ ಟೆಸಲೇಶನ್ ಕಲೆಯ ಚರಿತ್ರೆ

ಒರಿಗಾಮಿಯ ಚರಿತ್ರೆ ಬರೆಯುವವರು ಸಾಮಾನ್ಯವಾಗಿ ಜಪಾನಿನ ಕಾಗದದ ಕೊಕ್ಕರೆಯಿಂದ ಶುರು ಮಾಡುತ್ತಾರೆ. ಕತ್ತರಿ, ಅಂಟು ಯಾವುದೂ ಇಲ್ಲದೆ ಒಂದೇ ಹಾಳೆಯಲ್ಲಿ ಚೌಕ, ತ್ರಿಕೋನ, ಷಟ್ಕೋನಗಳು ಸಾಲುಸಾಲಾಗಿ ಮೂಡುವ ಟೆಸಲೇಶನ್‌ಗಳಿಗೆ ಆ ವಂಶಾವಳಿ ಸರಿಹೊಂದುವುದಿಲ್ಲ. ಅವುಗಳ ಬೇರು ಹೆಚ್ಚಾಗಿ ಶಾಲೆಯ ಕೋಣೆಗಳಲ್ಲೂ ವಿನ್ಯಾಸದ ಕಾರ್ಯಾಗಾರಗಳಲ್ಲೂ ಇದೆ ಎಂಬುದು ಈ ಲೇಖನದ ವಾದ.

1893ರಲ್ಲಿ ಮದರಾಸಿನಲ್ಲಿ ಟಿ. ಸುಂದರ ರಾವ್ ಅವರ 'ಜಿಯೊಮೆಟ್ರಿಕ್ ಎಕ್ಸರ್‌ಸೈಸಸ್ ಇನ್ ಪೇಪರ್ ಫೋಲ್ಡಿಂಗ್' ಪ್ರಕಟವಾಯಿತು. ಜರ್ಮನಿಯ ಫ್ರೋಬೆಲ್ ರೂಪಿಸಿದ ಕಿಂಡರ್‌ಗಾರ್ಟನ್ ಪದ್ಧತಿಯಲ್ಲಿ ಮಕ್ಕಳಿಗೆ ಕೊಡುತ್ತಿದ್ದ ಬಣ್ಣದ ಚೌಕ ಕಾಗದವೇ ಅವರ ಪ್ರೇರಣೆ. ಕೈವಾರ ಹಿಡಿಯದೆ, ಮಡಿಕೆಯ ಬಲದಿಂದಲೇ ಅವರು ಬಹುಭುಜಗಳನ್ನು ಸಾಧಿಸಿ ತೋರಿಸಿದರು. ಷಟ್ಕೋನದ ಭಾಗದಲ್ಲಿ ಹಾಳೆ ಸಮಬಾಹು ತ್ರಿಕೋನ ಮತ್ತು ಷಟ್ಕೋನಗಳಾಗಿ ಒಡೆಯುವ ಒಂದು ಅಲಂಕಾರದ ಚಿತ್ರವೂ ಇದೆ. ಗಣಿತಜ್ಞ ಫೆಲಿಕ್ಸ್ ಕ್ಲೈನ್ ಉಲ್ಲೇಖಿಸಿದ ಮೇಲೆ ಈ ಪುಸ್ತಕ 1901ರಲ್ಲಿ ಶಿಕಾಗೋದಿಂದ ಮರುಮುದ್ರಣವಾಯಿತು. ಗೆರೆಗಳ ಜಾಲ ಸುಂದರ ರಾಯರಲ್ಲಿ ಆಗಲೇ ಇತ್ತು. ಆದರೆ ಅವರ ಕಣ್ಣು ಮಡಿಕೆ ಉಳಿಸಿದ ಗುರುತಿನ ಮೇಲಿತ್ತು. ಗೆರೆಗಳನ್ನೆಲ್ಲ ಒಟ್ಟಿಗೆ ಮಡಿಸಿದರೆ ಏನಾದೀತು ಎಂಬ ಪ್ರಶ್ನೆ ಮುಂದಿನವರಿಗೆ ಉಳಿಯಿತು.

ಆ ಪ್ರಶ್ನೆಯನ್ನು ಎತ್ತಿಕೊಂಡವರಲ್ಲಿ ಜರ್ಮನಿಯ ಬೌಹೌಸ್ ಶಾಲೆಯ ಯೋಸೆಫ್ ಆಲ್ಬರ್ಸ್ ಪ್ರಮುಖರು. 1923ರಿಂದ 1933ರವರೆಗೆ ಅಲ್ಲಿ ಪಾಠ ಹೇಳಿದ ಅವರು, ಬರೀ ಕಾಗದ ಕೊಟ್ಟು ಅದರ ಗುಣ ಅರಿಯುವಂತೆ ವಿದ್ಯಾರ್ಥಿಗಳಿಗೆ ಹೇಳುತ್ತಿದ್ದರು. ಅಮೆರಿಕದ ರಾನ್ ರೆಶ್ 1960ರ ದಶಕದಲ್ಲಿ ತ್ರಿಕೋನಗಳ ಜಾಲ ಮಡಿಸಿ, ಬೇಕಾದ ಕಡೆ ಗುಮ್ಮಟದಂತೆ ಬಾಗುವ ಹಾಳೆಗಳನ್ನು ರೂಪಿಸಿದರು; 1968ರಲ್ಲಿ ಅದಕ್ಕೆ ಪೇಟೆಂಟ್ ಕೂಡ ಸಿಕ್ಕಿತು.

ಆದರೂ ಈ ಕಲೆಯ ನಡುಮನೆಯಲ್ಲಿ ನಿಲ್ಲಬೇಕಾದ ಹೆಸರು, ನನ್ನ ಮಟ್ಟಿಗೆ, ಶೂಜೋ ಫುಜಿಮೋಟೊ ಅವರದು. ಜಪಾನಿನ ಹೈಸ್ಕೂಲು ಮೇಷ್ಟರಾಗಿದ್ದ ಅವರು 1970ರ ದಶಕದಲ್ಲಿ ತಿರುವು ಮಡಿಕೆಗಳ ಬಗ್ಗೆ ಸ್ವಂತವಾಗಿ ಪುಸ್ತಕ ಹೊರತಂದರು. ಅವರ ಕೆಲಸದ ಮಹತ್ವ ತಿಳಿಯಲು ಒಂದು ಚೌಕದ ತಿರುವನ್ನು ನೋಡಿದರೆ ಸಾಕು. ಹಾಳೆಯ ಮಧ್ಯದಲ್ಲೊಂದು ಚಿಕ್ಕ ಚೌಕ. ಅದರ ನಾಲ್ಕು ಬದಿಗಳಿಂದ ನಾಲ್ಕು ನೆರಿಗೆಗಳು ಹೊರಡುತ್ತವೆ. ನೆರಿಗೆಗಳನ್ನು ಒಂದೇ ಸುತ್ತಿಗೆ ಒರಗಿಸುತ್ತ ಬಂದರೆ ಚೌಕ ತಿರುಗಿಕೊಂಡು ಚಪ್ಪಟೆಯಾಗಿ ಕೂರುತ್ತದೆ. ಚೌಕದ ಪ್ರತಿ ಮೂಲೆಯಲ್ಲಿ ನಾಲ್ಕು ಗೆರೆ, ನಾಲ್ಕು ಕೋನ: 90, 45, 90, 135 ಡಿಗ್ರಿ. ಒಂದು ಬಿಟ್ಟು ಒಂದನ್ನು ಕೂಡಿದರೆ ಎರಡು ಸಲವೂ 180. ಗೆರೆಗಳಲ್ಲಿ ಮೂರು ಒಂದು ದಿಕ್ಕಿಗೆ ಉಬ್ಬಿದರೆ ಒಂದು ಎದುರು ದಿಕ್ಕಿಗೆ, ವ್ಯತ್ಯಾಸ ಎರಡು. ಚಪ್ಪಟೆಯಾಗಿ ಮಡಿಯುವ ಯಾವ ಬಿಂದುವಿನಲ್ಲೂ ಈ ಎರಡು ನಿಯಮ ತಪ್ಪುವುದಿಲ್ಲ. ಮೊದಲನೆಯದಕ್ಕೆ ತೋಶಿಕಾಜು ಕವಾಸಾಕಿ, ಎರಡನೆಯದಕ್ಕೆ ಜುನ್ ಮಯೆಕಾವಾ ಅವರ ಹೆಸರು ನಿಂತಿದೆ.

ಚಪ್ಪಟೆ ಕೂತ ಹಾಳೆಯಲ್ಲಿ ನೆರಿಗೆ ನಡುವೆಯೇ ಮುಗಿಯಲಾರದು. ಒಂದೋ ಅಂಚು ಮುಟ್ಟಬೇಕು, ಇಲ್ಲವೇ ಇನ್ನೊಂದು ತಿರುವಿಗೆ ಸೇರಬೇಕು. ಒಂದು ತಿರುವು ಹತ್ತಾರು ತಿರುವುಗಳ ಜಾಲವಾಗುವುದು ಈ ಒತ್ತಾಯದಿಂದಲೇ. ಅಮೆರಿಕದ ಕ್ರಿಸ್ ಪಾಮರ್ ಸ್ಪೇನಿನ ಅಲ್ಹಂಬ್ರಾ ಅರಮನೆಯ ಹಂಚಿನ ವಿನ್ಯಾಸಗಳನ್ನು ಕಾಗದಕ್ಕೆ ಇಳಿಸಿದ್ದೂ ಇದೇ ದಾರಿಯಲ್ಲಿ.

ಇದರ ಪಕ್ಕದಲ್ಲೇ ಎಂಜಿನಿಯರುಗಳ ಹಾದಿ ಸಾಗಿತ್ತು. ಕೋರ್ಯೊ ಮಿಯುರಾ ರೂಪಿಸಿದ ಸಮಾಂತರ ಚತುರ್ಭುಜಗಳ ಮಡಿಕೆ ಎದುರುಬದುರು ಮೂಲೆ ಹಿಡಿದೆಳೆದರೆ ಒಮ್ಮೆಗೇ ಬಿಚ್ಚಿಕೊಳ್ಳುತ್ತದೆ. 1995ರಲ್ಲಿ ಹಾರಿದ ಜಪಾನಿನ ಸ್ಪೇಸ್ ಫ್ಲೈಯರ್ ಯೂನಿಟ್ ಉಪಗ್ರಹದಲ್ಲಿ ಈ ಮಡಿಕೆಯ ಹಾಳೆಯನ್ನು ಬಾಹ್ಯಾಕಾಶದಲ್ಲಿ ಬಿಚ್ಚಿ ಪರೀಕ್ಷಿಸಿದರು.

ಮರುವರ್ಷ, 1996ರಲ್ಲಿ, ಮಾರ್ಷಲ್ ಬರ್ನ್ ಮತ್ತು ಬ್ಯಾರಿ ಹೇಯ್ಸ್ ಒಂದು ಗಟ್ಟಿ ಫಲಿತಾಂಶ ಕೊಟ್ಟರು: ಗೆರೆಗಳ ನಕ್ಷೆಯೊಂದು ಚಪ್ಪಟೆಯಾಗಿ ಮಡಿಯುತ್ತದೆಯೇ ಎಂದು ನಿರ್ಧರಿಸುವುದು ಕಂಪ್ಯೂಟರಿಗೂ ಕಠಿಣವೆನಿಸುವ ಸಮಸ್ಯೆಗಳ ಸಾಲಿಗೆ ಸೇರುತ್ತದೆ. ಬಿಂದು ಬಿಂದುವಿನಲ್ಲೂ ಲೆಕ್ಕ ಸರಿಯಿದ್ದು, ಪದರಗಳು ಒಂದಕ್ಕೊಂದು ಅಡ್ಡ ಬಂದು ಇಡೀ ಹಾಳೆ ಕೂರದೆ ಹೋಗಬಹುದು. ನಕ್ಷೆ ಬರೆಯುವ ತಂತ್ರಾಂಶಗಳು ಬಂದ ಮೇಲೂ ಹೊಸ ವಿನ್ಯಾಸ ಹುಡುಕುವವರು ಫುಜಿಮೋಟೊ ಮಾಡಿದಂತೆ ಹಾಳೆಗೆ ಚೌಕುಳಿ ಗೆರೆ ಹಾಕಿ, ಮಡಿಸಿಯೇ ಪರೀಕ್ಷಿಸುತ್ತಾರೆ.