ಹಲ್ಲಿಗಂಟಿದ ಊರು

ಸ್ವಾರಗೇಟ ಬಸ್‌ಸ್ಟ್ಯಾಂಡಿನಲ್ಲಿ ರಾತ್ರಿ ಹುಬ್ಬಳ್ಳಿ ಕಡೆಯ ಬಸ್ಸಿಗೆ ಕಾಯುವಾಗ ನನಗೊಂದು ಚಟ. ಎದುರಿಗಿದ್ದವರು ನಕ್ಕರೆ ಅವರ ಹಲ್ಲು ನೋಡುತ್ತೇನೆ. ಮುಂದಿನ ಹಲ್ಲುಗಳ ಮೇಲೆ ಅಡ್ಡಡ್ಡ ಕಂದು ಗೆರೆ ಕಂಡರೆ, ‘ಯಾವೂರ್ರೀ ನಿಮ್ದು?’ ಎಂದು ಕನ್ನಡದಲ್ಲೇ ಕೇಳಿಬಿಡುತ್ತೇನೆ. ಗದಗ, ಕೊಪ್ಪಳ, ರಾಯಚೂರು, ವಿಜಯಪುರ... ಉತ್ತರ ಬಹಳ ಸಲ ಅಲ್ಲಿಂದಲೇ ಬರುತ್ತದೆ. ನನ್ನ ಹಲ್ಲೂ ಹಾಗೇ ಇವೆ. ನನ್ನೂರು ಮುಂಡರಗಿ ತಾಲ್ಲೂಕಿನಲ್ಲಿದೆ.

ಪುಣೆಯಲ್ಲಿ ಇಂಥ ಹಲ್ಲು ಕಂಡವರಿಗೆ ಮೊದಲು ನೆನಪಾಗುವುದು ಮಿಶ್ರಿ. ಹುರಿದ ತಂಬಾಕಿನ ಪುಡಿಯಿಂದ ಹಲ್ಲುಜ್ಜುವ ರೂಢಿ ಮಹಾರಾಷ್ಟ್ರದಲ್ಲಿ ಹಳೆಯದು. ನನ್ನನ್ನೂ ಜೊತೆಗಾರರು ‘ಗುಟ್ಕಾ ಯಾವಾಗ ಬಿಡ್ತೀಯಾ?’ ಎಂದು ಕೇಳಿದ್ದುಂಟು. ನಾನು ಎಲೆಯಡಿಕೆಯನ್ನೂ ಹಾಕುವವನಲ್ಲ. ಆದರೂ ಆಫೀಸಿನ ಫೋಟೋಗಳಲ್ಲಿ ಹತ್ತು ವರ್ಷ ಬಾಯಿ ಮುಚ್ಚಿಕೊಂಡೇ ನಕ್ಕಿದ್ದೇನೆ.

ಈ ವರ್ಷ ಯುಗಾದಿಗೆ ಮುಂಚೆ, ಹಲ್ಲು ಬಿಳಿ ಮಾಡಿಸೋಣವೆಂದು ಸ್ವಾರಗೇಟದ ಹತ್ತಿರದ ಒಬ್ಬ ದಂತವೈದ್ಯೆಯ ಬಳಿ ಹೋದೆ. ಅವರು ತಂಬಾಕಿನ ಮಾತೇ ಎತ್ತಲಿಲ್ಲ. ‘ಎಂಟು ವರ್ಷ ಆಗುವ ತನಕ ಯಾವ ನೀರು ಕುಡಿದಿರಿ?’ ಎಂದು ಮರಾಠಿಯಲ್ಲಿ ಕೇಳಿದರು.

ಆ ಪ್ರಶ್ನೆಗೆ ನೂರು ವರ್ಷದ ಚರಿತ್ರೆ ಇದೆ. 1901ರಲ್ಲಿ ಅಮೆರಿಕದ ಕೊಲೊರಾಡೊ ಸ್ಪ್ರಿಂಗ್ಸ್‌ನಲ್ಲಿ ಕೆಲಸ ಶುರುಮಾಡಿದ ಫ್ರೆಡರಿಕ್ ಮೆಕೇ ಎಂಬ ದಂತವೈದ್ಯ ಒಂದು ಸಂಗತಿ ಗಮನಿಸಿದ. ಅಲ್ಲೇ ಹುಟ್ಟಿ ಬೆಳೆದವರ ಹಲ್ಲು ಕಂದು. ದೊಡ್ಡವರಾದ ಮೇಲೆ ಬಂದು ನೆಲೆಸಿದವರ ಹಲ್ಲಿಗೆ ಏನೂ ಆಗಿರಲಿಲ್ಲ. ಅವನ ಅನುಮಾನ ನೀರಿನ ಮೇಲೆ ಹೋಯಿತು. ಐಡಾಹೊ ರಾಜ್ಯದ ಓಕ್ಲಿ ಎಂಬ ಊರಿನವರು ಅವನ ಮಾತು ಕೇಳಿ 1925ರಲ್ಲಿ ಕುಡಿಯುವ ನೀರನ್ನೇ ಬದಲಿಸಿದರು. ಮುಂದೆ ಅಲ್ಲಿಯ ಮಕ್ಕಳಿಗೆ ಕಲೆಯಿಲ್ಲದ ಹಲ್ಲು ಬಂದವು. ತಪ್ಪಿತಸ್ಥ ಫ್ಲೋರೈಡ್ ಎಂದು ಅಲ್ಯೂಮಿನಿಯಂ ಕಂಪನಿಯೊಂದರ ರಸಾಯನತಜ್ಞ ಚರ್ಚಿಲ್ 1931ರಲ್ಲಿ ಪತ್ತೆ ಹಚ್ಚಿದ. 1937ರಲ್ಲಿ ನಮ್ಮ ಮದ್ರಾಸ್ ಪ್ರಾಂತ್ಯದ ನೆಲ್ಲೂರು ಜಿಲ್ಲೆಯಿಂದಲೂ ವರದಿ ಬಂತು. ಅಲ್ಲಿ ಹಲ್ಲಷ್ಟೇ ಅಲ್ಲ, ಬೆನ್ನುಮೂಳೆಯೂ ಸೆಟೆದುಕೊಂಡಿತ್ತು.

ಹಲ್ಲಿನ ಹೊರಕವಚ ಕಟ್ಟುವುದು ಬಾಲ್ಯದಲ್ಲಿ, ಹಲ್ಲಿನ್ನೂ ಒಸಡಿನೊಳಗಿದ್ದಾಗ. ಆಗ ಮೈಗೆ ಫ್ಲೋರೈಡ್ ಹೆಚ್ಚಾದರೆ ಕವಚದಲ್ಲಿ ಸಣ್ಣ ಸಣ್ಣ ರಂಧ್ರ ಉಳಿಯುತ್ತವೆ. ಹಲ್ಲು ಹೊರಬಂದ ಮೇಲೆ ಅಲ್ಲಿ ಬಣ್ಣ ಕೂರುತ್ತದೆ. ತಂಬಾಕಿನ ಕಲೆ ಬಹುಪಾಲು ಮೇಲಿನದು, ಕೆರೆದು ತೆಗೆಯಬಹುದು. ಇದು ಒಳಗಿನದು, ಎಷ್ಟು ಉಜ್ಜಿದರೂ ಹೋಗದು.

ನಮ್ಮ ಕಡೆಗೆ ಈ ನೀರು ಬಂದದ್ದು ಉಪಕಾರವಾಗಿಯೇ. ಅವ್ವ ಚಿಕ್ಕವಳಿದ್ದಾಗ ಎಲ್ಲರೂ ಕೆರೆ, ಮೆಟ್ಟಿಲು ಬಾವಿಗಳ ನೀರು ಕುಡಿಯುತ್ತಿದ್ದರು. ಕಾಲಲ್ಲಿ ನಾರುಹುಣ್ಣು ಏಳುತ್ತಿತ್ತು. 1970ರ ದಶಕದ ಬರಗಾಲದ ಬೆನ್ನಿಗೇ ಬೋರು ಕೊರೆಯುವ ಯಂತ್ರಗಳು ಹಳ್ಳಿ ಹಳ್ಳಿಗೆ ಬಂದವು. ಸೊಲ್ಲಾಪುರದಲ್ಲಿ ರೂಪುಗೊಂಡ ಕೈಪಂಪನ್ನೇ ತಿದ್ದಿ ಮಾಡಿದ ‘ಇಂಡಿಯಾ ಮಾರ್ಕ್ 2’ ಆ ದಶಕದ ಕೊನೆಗೆ ತಯಾರಾಗತೊಡಗಿತು. 2000ದಲ್ಲಿ ಭಾರತ ನಾರುಹುಣ್ಣಿನಿಂದ ಮುಕ್ತವಾಯಿತು. ಆದರೆ ನಮ್ಮ ಸೀಮೆಯ ಗ್ರಾನೈಟ್ ಬಂಡೆಗಳ ನಡುವೆ ಬಹುಕಾಲ ನಿಂತ ನೀರಿನಲ್ಲಿ ಫ್ಲೋರೈಡ್ ಕರಗಿತ್ತು. ಕಾಲಿನ ಹುಳು ಹೋಯಿತು, ಹಲ್ಲಿನ ಗೆರೆ ಬಂತು.

ವೈದ್ಯೆ ದಾರಿಗಳನ್ನು ಹೇಳಿದರು. ಬ್ಲೀಚಿಂಗ್ ಒಂದರಿಂದಲೇ ಆಗದು, ಬಿಳಿ ಮಚ್ಚೆಗಳು ಇನ್ನೂ ಎದ್ದು ಕಾಣಬಹುದು. ಆಮ್ಲ ಬೆರೆತ ಪುಡಿಯಿಂದ ಮೇಲ್ಪದರವನ್ನು ತೆಳ್ಳಗೆ ತೀಡುವ ಮೈಕ್ರೊಅಬ್ರೇಶನ್ ಇದೆ. ಕಲೆ ಆಳವಿದ್ದರೆ ವೆನೀರ್: ಪಿಂಗಾಣಿಯ ತೆಳು ಹಾಳೆ. 1930ರ ದಶಕದಲ್ಲಿ ಹಾಲಿವುಡ್ ನಟರಿಗೆ ಶೂಟಿಂಗ್ ಮುಗಿಯುವಷ್ಟು ಹೊತ್ತು ಅಂಟಿಸುತ್ತಿದ್ದದ್ದು ಈಗ ವರ್ಷಗಟ್ಟಲೆ ನಿಲ್ಲುತ್ತದೆ. ಆದರೆ ಅದಕ್ಕಾಗಿ ಹಲ್ಲನ್ನು ತುಸು ಸವೆಸಿದರೆ, ಸವೆಸಿದ್ದು ಮತ್ತೆ ಬೆಳೆಯದು.

ಏಳುವಾಗ ಅವರು ಕೇಳಿದರು: ‘ಮನೆಯಲ್ಲಿ ಮಕ್ಕಳಿದ್ದಾರಾ?’

ಮಗಳಿಗೆ ಎರಡೂವರೆ. ನಾವಿಬ್ಬರೂ ಕೆಲಸಕ್ಕೆ ಹೋಗುವವರಾದ್ದರಿಂದ ಒಂದು ವರ್ಷ ತುಂಬಿದಾಗಿನಿಂದ ಊರಲ್ಲಿ ಅವ್ವನ ಹತ್ತಿರ ಇದ್ದಳು. ಮೆಟ್ಟಿಲು ಇಳಿಯುತ್ತಲೇ ಫೋನ್ ಮಾಡಿದೆ.

‘ಅವ್ವಾ, ಪುಟ್ಟಿಗೆ ಯಾವ ನೀರು ಕುಡಸ್ತಿ?’

‘ಬೋರಿಂದ. ಶುದ್ಧ ನೀರಿನ ಘಟಕ ಕೆಟ್ಟು ಭಾಳ ದಿನಾ ಆತು. ಕುದಿಸಿ ಆರಿಸೇ ಕೊಡ್ತೀನಪಾ, ಚಿಂತಿ ಮಾಡಬ್ಯಾಡ.’

ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಉಳಿದದ್ದರಲ್ಲಿ ಅದು ಹೆಚ್ಚುತ್ತದೆ. ಇದನ್ನು ಅವ್ವನಿಗೆ ಆ ಹೊತ್ತಿನಲ್ಲಿ ಹೇಳಲಾಗಲಿಲ್ಲ. ಅದೇ ವಾರ ಸ್ವಾರಗೇಟದಿಂದ ಊರಿಗೆ ಹೊರಟೆ. ಬರುವಾಗ ಬ್ಯಾಗಿನಲ್ಲಿ ರೊಟ್ಟಿ, ಶೇಂಗಾ ಚಟ್ನಿಯ ಜೊತೆ ಒಂದು ಬಾಟಲಿ ಬೋರಿನ ನೀರೂ ಇತ್ತು. ಲೀಟರಿಗೆ 1 ಮಿಲಿಗ್ರಾಂ ಮೀರಬಾರದು, ಬೇರೆ ನೀರೇ ಇಲ್ಲದಿದ್ದರೆ 1.5ರ ತನಕ ನಡೆಯುತ್ತದೆ ಎನ್ನುತ್ತದೆ ನಮ್ಮ ದೇಶದ ಮಾನದಂಡ. ಪರೀಕ್ಷೆ ಮಾಡಿಸಿದೆ, ನಮ್ಮ ಬೋರಿನದು ಎರಡನ್ನೂ ದಾಟಿತ್ತು.

ನನ್ನ ಹಲ್ಲಿಗೆಂದು ಕೂಡಿಟ್ಟ ದುಡ್ಡಿನಲ್ಲಿ ಅವ್ವನ ಮನೆಗೆ ಆರ್‌ಓ ಫಿಲ್ಟರ್ ಬಂತು. ನನ್ನ ಗೆರೆಗಳು ಹಾಗೇ ಇವೆ. ಮಗಳ ಹಾಲುಹಲ್ಲು ಬಿದ್ದು ಹೊಸವು ಬರಲು ಇನ್ನೂ ಮೂರ್ನಾಲ್ಕು ವರ್ಷ ಬೇಕು. ಅವಳು ಕುಡಿದ ಆ ಒಂದೂವರೆ ವರ್ಷದ ನೀರಿನ ಲೆಕ್ಕ ಗೊತ್ತಾಗುವುದು ಆಗಲೇ.